ತೋಟದ ವಾಹನಕ್ಕೆ ವಿಂಚ್: ವಿದ್ಯುತ್ತಿನದೋ, ಹೈಡ್ರಾಲಿಕ್ಕಿನದೋ?

ಕೊಡಗು, ಚಿಕ್ಕಮಗಳೂರು ಮತ್ತು ಸಕಲೇಶಪುರ ಭಾಗದ ಕಾಫಿ ತೋಟಗಳಲ್ಲಿ ನೆರಳಿಗಾಗಿಯೂ ಮೆಣಸಿನ ಬಳ್ಳಿಯ ಆಸರೆಗಾಗಿಯೂ ಬೆಳೆಸಿದ ಸಿಲ್ವರ್ ಓಕ್ ಮರಗಳು ಬಲಿತ ಮೇಲೆ ಬೆಳೆಗಾರರಿಗೆ ಇನ್ನೊಂದು ಆದಾಯ ತರುತ್ತವೆ. ಮರವನ್ನು ಕಡಿಯುವುದು ಒಂದೆರಡು ಗಂಟೆಯ ಕೆಲಸ. ಆದರೆ ಕಡಿದ ದಿಮ್ಮಿಯನ್ನು ಇಳಿಜಾರಿನಲ್ಲಿ ಕಾಫಿ ಗಿಡಗಳಿಗೆ ಪೆಟ್ಟಾಗದಂತೆ ಲಾರಿ ನಿಲ್ಲುವ ದಾರಿಯವರೆಗೆ ತರುವುದು ಸುಲಭವಲ್ಲ. ಹಿಂದೆ ಈ ಕೆಲಸಕ್ಕೆ ಆನೆಗಳನ್ನೂ ಹತ್ತಾರು ಆಳುಗಳನ್ನೂ ಬಳಸುತ್ತಿದ್ದರು. ಈಗ ಆಳುಗಳು ಸಿಗುವುದು ಕಷ್ಟವಾಗಿರುವುದರಿಂದ ಪಿಕಪ್, ಜೀಪು ಅಥವಾ ಲಾರಿಗೆ ವಿಂಚ್ ಕೂಡಿಸಿಕೊಳ್ಳುವ ಯೋಚನೆ ಅನೇಕ ಬೆಳೆಗಾರರಿಗೆ ಬರುತ್ತಿದೆ. ಮಳೆಗಾಲದಲ್ಲಿ ತೋಟದ ದಾರಿಯ ಕೆಸರಿನಲ್ಲಿ ವಾಹನ ಹೂತಾಗ ಎಳೆದು ತೆಗೆಯಲೂ ಇದೇ ಸಾಧನ ಒದಗುತ್ತದೆ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಯ ವಿಂಚ್‌ಗಳಿವೆ. ಒಂದು, ವಾಹನದ ಬ್ಯಾಟರಿಯಿಂದ ನಡೆಯುವ ವಿದ್ಯುತ್ ವಿಂಚ್. ಇನ್ನೊಂದು, ಎಂಜಿನ್ನು ನಡೆಸುವ ಪಂಪಿನ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ವಿಂಚ್. ಕೊಳ್ಳಲು ಹೋದವರು ಕೇಳುವ ಮೊದಲ ಪ್ರಶ್ನೆ "ಇದು ಎಷ್ಟು ಟನ್ ಎಳೆಯುತ್ತದೆ?" ಎಂಬುದು. ಈ ಪ್ರಶ್ನೆ ತಪ್ಪಲ್ಲ, ಆದರೆ ಸಾಲದು. ಒಂದು ದಿನದಲ್ಲಿ ವಿಂಚ್ ಎಷ್ಟು ಹೊತ್ತು ಎಳೆಯಬೇಕಾಗುತ್ತದೆ ಎಂಬುದರಿಂದಲೇ ಆಯ್ಕೆ ತೀರ್ಮಾನವಾಗಬೇಕು. ಇದಕ್ಕೆ ಕಾರಣವೇನೆಂಬುದನ್ನು ಲೆಕ್ಕದ ಮೂಲಕ ನೋಡಬಹುದು.

ಎಳೆತದ ಲೆಕ್ಕ

ಮೊದಲು ದಿಮ್ಮಿಯ ಲೆಕ್ಕ. ಸುತ್ತಳತೆ 125 ಸೆಂ.ಮೀ. ಇರುವ, ಅಂದರೆ ಸುಮಾರು 40 ಸೆಂ.ಮೀ. ವ್ಯಾಸದ, 4 ಮೀಟರ್ ಉದ್ದದ ದಿಮ್ಮಿಯ ಗಾತ್ರ ಅರ್ಧ ಘನ ಮೀಟರ್. ಹಸಿ ಮರ ಒಂದು ಘನ ಮೀಟರಿಗೆ ಒಂದು ಟನ್ ತೂಗುತ್ತದೆಂದು ಹಿಡಿದರೆ ಲೆಕ್ಕ ಕಡಿಮೆಯಾಗುವ ಭಯವಿಲ್ಲ. ಹಾಗಾಗಿ ಈ ದಿಮ್ಮಿಯ ತೂಕ 500 ಕಿ.ಗ್ರಾಂ. ಮಣ್ಣಿನ ಮೇಲೆ ಮರವನ್ನು ಎಳೆಯಲು ತೂಕದ ಹತ್ತರಲ್ಲಿ ಆರು ಪಾಲಿನಷ್ಟು ಬಲ ಬೇಕೆಂದು ಅಂದಾಜು ಮಾಡಿದರೆ 300 ಕಿ.ಗ್ರಾಂ. ಆಯಿತು. ನಾಲ್ಕು ಮೀಟರಿಗೆ ಒಂದು ಮೀಟರ್ ಏರುವ ಇಳಿಜಾರಿನಲ್ಲಿ ಮೇಲಕ್ಕೆ ಎಳೆಯುವುದಾದರೆ ತೂಕದ ಕಾಲು ಭಾಗ, ಅಂದರೆ 125 ಕಿ.ಗ್ರಾಂ. ಇದಕ್ಕೆ ಸೇರುತ್ತದೆ. ಒಟ್ಟು 425 ಕಿ.ಗ್ರಾಂ. ದಿಮ್ಮಿಯ ಮೂತಿ ನೆಲಕ್ಕೆ ನಾಟಿದರೆ ಅಥವಾ ಬುಡಕ್ಕೆ ತಗುಲಿದರೆ ಇದು ಎರಡರಷ್ಟಾದರೂ ಒಂದು ಟನ್ ದಾಟುವುದಿಲ್ಲ.

ಇನ್ನು ಹೂತ ವಾಹನದ ಲೆಕ್ಕ. ಹೊರೆ ಸಹಿತ 3,000 ಕಿ.ಗ್ರಾಂ. ತೂಗುವ ಪಿಕಪ್ ಗಾಲಿಯ ಗುಂಬದವರೆಗೆ ಕೆಸರಿನಲ್ಲಿ ಹೂತಿದ್ದರೆ, ಅದನ್ನು ಎಳೆಯಲು ಅದರ ತೂಕದಷ್ಟೇ ಬಲ ಬೇಕೆಂಬುದು ವಾಹನ ಎತ್ತುವವರು ಅನುಸರಿಸುವ ಅಂದಾಜು. ಅದೇ ಇಳಿಜಾರಿನ ಕಾಲು ಭಾಗ ಸೇರಿದರೆ ಒಟ್ಟು 3,750 ಕಿ.ಗ್ರಾಂ.

ಈ ಎರಡು ಲೆಕ್ಕಗಳನ್ನು ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಹೂತ ವಾಹನಕ್ಕೆ ದಿಮ್ಮಿಗಿಂತ ಎಂಟೊಂಬತ್ತು ಪಟ್ಟು ಬಲ ಬೇಕು. ಆದರೆ ಅದು ವರ್ಷಕ್ಕೆ ಎರಡು ಮೂರು ಸಲ, ಪ್ರತಿ ಸಲ ಏಳೆಂಟು ಮೀಟರ್ ಮಾತ್ರ. ದಿಮ್ಮಿಗೆ ಬೇಕಾದ ಬಲ ಕಡಿಮೆ. ಆದರೆ ದಿನಕ್ಕೆ 30 ದಿಮ್ಮಿಗಳನ್ನು 25 ಮೀಟರ್‌ನಂತೆ ಎಳೆದರೆ 750 ಮೀಟರ್ ಎಳೆದಂತಾಯಿತು. ಒಂದು ಹೆಚ್ಚು ಬಲದ ಅಲ್ಪಾವಧಿಯ ಕೆಲಸ, ಇನ್ನೊಂದು ಕಡಿಮೆ ಬಲದ ದೀರ್ಘಾವಧಿಯ ಕೆಲಸ. ಎರಡಕ್ಕೂ ಒಂದೇ ಯಂತ್ರ ಸಮನಾಗಿ ಒಗ್ಗುವುದಿಲ್ಲ.

ವಿದ್ಯುತ್ ವಿಂಚ್

ಇದರಲ್ಲಿ ಒಂದು ಚಿಕ್ಕ ಮೋಟಾರು, ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಗೇರುಗಳು ಮತ್ತು ಹಗ್ಗ ಸುತ್ತುವ ಡ್ರಮ್ಮು ಇರುತ್ತವೆ. ಕೂಡಿಸುವುದು ಸುಲಭ. ಚಾಸಿಗೆ ಬೋಲ್ಟು ಹಾಕಿ ಭದ್ರಪಡಿಸಿ, ದಪ್ಪ ಕೇಬಲ್ಲಿನಿಂದ ಬ್ಯಾಟರಿಗೆ ಜೋಡಿಸಿದರಾಯಿತು. ಬೆಲೆಯೂ ತೂಕವೂ ಕಡಿಮೆ. ಎಂಜಿನ್ನು ನಿಂತುಹೋದರೂ ಬ್ಯಾಟರಿಯಲ್ಲಿ ಶಕ್ತಿ ಇರುವಷ್ಟು ಹೊತ್ತು ಎಳೆಯುತ್ತದೆ ಎಂಬುದು ಇದರ ದೊಡ್ಡ ಗುಣ. ಹಳ್ಳ ದಾಟುವಾಗ ನೀರು ನುಗ್ಗಿ ಎಂಜಿನ್ನು ನಿಂತ ವಾಹನಕ್ಕೆ ಇದೊಂದೇ ಆಧಾರ.

ಇದರ ಮಿತಿ ಇರುವುದು ವಿದ್ಯುತ್ತಿನ ಖರ್ಚು ಮತ್ತು ಮೋಟಾರಿನ ಕಾವಿನಲ್ಲಿ. ನಾಲ್ಕು ಟನ್ ಸುಮಾರಿನ 12 ವೋಲ್ಟ್ ವಿಂಚ್ ಪೂರ್ಣ ಹೊರೆಯಲ್ಲಿ ಸುಮಾರು 400 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ವಾಹನದ ಆಲ್ಟರ್ನೇಟರ್ ಕೊಡುವುದು ಹೆಚ್ಚೆಂದರೆ 100 ಆಂಪಿಯರ್ ಎಂದು ಹಿಡಿಯೋಣ. ಉಳಿದ 300 ಆಂಪಿಯರ್ ಬ್ಯಾಟರಿಯಿಂದಲೇ ಬರಬೇಕು. ಐದು ನಿಮಿಷದ ಎಳೆತಕ್ಕೆ 25 ಆಂಪಿಯರ್-ಗಂಟೆ, ಅಂದರೆ 75 ಆಂಪಿಯರ್-ಗಂಟೆಯ ಬ್ಯಾಟರಿಯ ಮೂರನೇ ಒಂದು ಭಾಗ ಖರ್ಚಾಗುತ್ತದೆ. ಪೂರ್ಣ ಹೊರೆಯಲ್ಲಿ ನಿಮಿಷಕ್ಕೆ ಒಂದೂವರೆ ಮೀಟರ್ ವೇಗ ಸಿಕ್ಕರೂ ಇಷ್ಟರಲ್ಲಿ ಏಳೂವರೆ ಮೀಟರ್ ಎಳೆಯಬಹುದು. ಹೂತ ವಾಹನ ಹೊರಬರಲು ಇಷ್ಟು ಸಾಕು. ಆದರೆ ಐದು ನಿಮಿಷವನ್ನೂ ಒಂದೇ ಸಮನೆ ಎಳೆಯಬಾರದು. ಒಂದು ನಿಮಿಷ ಎಳೆದು, ಮೋಟಾರು ಆರಲು ಬಿಟ್ಟು, ಮತ್ತೆ ಎಳೆಯಬೇಕು. ಎಂಜಿನ್ನನ್ನು ಓಡಿಸುತ್ತಲೇ ಇರಬೇಕು.

ಇದೇ ವಿಂಚ್‌ನಿಂದ ದಿಮ್ಮಿ ಎಳೆದರೆ ಏನಾಗುತ್ತದೆ? ಹೊರೆ ಕಡಿಮೆಯಾದ್ದರಿಂದ ವಿದ್ಯುತ್ತೂ ಕಡಿಮೆ ಬೇಕು. ಸುಮಾರು 130 ಆಂಪಿಯರ್, ವೇಗ ನಿಮಿಷಕ್ಕೆ 5 ಮೀಟರ್ ಎಂದಿಟ್ಟುಕೊಳ್ಳೋಣ. ಒಂದು ದಿಮ್ಮಿಗೆ ಐದು ನಿಮಿಷ. 30 ದಿಮ್ಮಿಗಳಿಗೆ 150 ನಿಮಿಷ, ಅಂದರೆ ಎರಡೂವರೆ ಗಂಟೆ. ನಿಂತ ವಾಹನದ ಎಂಜಿನ್ನು ನಿಧಾನವಾಗಿ ಓಡುವಾಗ ಆಲ್ಟರ್ನೇಟರ್ 50 ಆಂಪಿಯರ್ ಕೊಟ್ಟರೆ ಪ್ರತಿ ದಿಮ್ಮಿಗೂ ಬ್ಯಾಟರಿಯಿಂದ ಸುಮಾರು 7 ಆಂಪಿಯರ್-ಗಂಟೆ ಹೋಗುತ್ತದೆ. ಹಗ್ಗವನ್ನು ಮತ್ತೆ ಬಿಚ್ಚಿ ಮುಂದಿನ ದಿಮ್ಮಿಗೆ ಕಟ್ಟುವ ಬಿಡುವಿನಲ್ಲಿ ಬ್ಯಾಟರಿ ಸ್ವಲ್ಪ ತುಂಬಿಕೊಳ್ಳುತ್ತದೆ, ಪೂರ್ತಿ ತುಂಬುವುದಿಲ್ಲ. ಎಂಜಿನ್ನು ಚಾಲೂ ಮಾಡಲೆಂದೇ ತಯಾರಾದ ಸಾಮಾನ್ಯ ಬ್ಯಾಟರಿಯನ್ನು ಹೀಗೆ ದಿನವೂ ಬರಿದು ಮಾಡಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ಮೋಟಾರಿನ ಮಾತಂತೂ ಇನ್ನೂ ಕಷ್ಟ. ಮಳೆಯ ನೀರು ಹೋಗದಂತೆ ಮುಚ್ಚಿದ ಚಿಕ್ಕ ಮೋಟಾರಿನ ಕಾವು ಬೇಗ ಹೊರಹೋಗುವುದಿಲ್ಲ. ಪ್ರತಿ ಎಳೆತಕ್ಕೂ ಕಾವು ಏರುತ್ತ ಹೋಗಿ ಕೊನೆಗೆ ಒಳಗಿನ ಸುರುಳಿ ಸುಡುತ್ತದೆ.

ಕೆಲವು ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ವ್ಯವಸ್ಥೆ ಇರುತ್ತದೆ. ಅಷ್ಟೇ ಶಕ್ತಿಗೆ ಅರ್ಧದಷ್ಟು ಆಂಪಿಯರ್ ಸಾಕಾಗುವುದರಿಂದ ಕೇಬಲ್ಲಿನಲ್ಲಿ ಆಗುವ ನಷ್ಟ ಕಡಿಮೆ. ಆದರೆ ಮೋಟಾರಿನ ಕಾವಿನ ಮಿತಿ ಅಲ್ಲಿಯೂ ಇದ್ದೇ ಇದೆ. ವಾಹನದ ವೋಲ್ಟೇಜಿಗೆ ಸರಿಹೊಂದುವ ವಿಂಚನ್ನೇ ಕೊಳ್ಳಬೇಕು.

ಹೈಡ್ರಾಲಿಕ್ ವಿಂಚ್

ಇದರಲ್ಲಿ ಗೇರ್‌ಬಾಕ್ಸಿನ ಪಕ್ಕದ ಪಿ.ಟಿ.ಒ. ಮೂಲಕ ಎಂಜಿನ್ನು ಒಂದು ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಒತ್ತಡದಲ್ಲಿ ಕಳುಹಿಸಿ ಡ್ರಮ್ಮಿನ ಹೈಡ್ರಾಲಿಕ್ ಮೋಟಾರನ್ನು ತಿರುಗಿಸುತ್ತದೆ. ಎಣ್ಣೆ ಎಷ್ಟು ವೇಗವಾಗಿ ಹರಿಯುತ್ತದೆಯೋ ಹಗ್ಗ ಅಷ್ಟು ವೇಗವಾಗಿ ಬರುತ್ತದೆ. ಎಣ್ಣೆಯ ಒತ್ತಡ ಎಷ್ಟಿದೆಯೋ ಎಳೆತ ಅಷ್ಟಿರುತ್ತದೆ. ಒತ್ತಡವನ್ನು ಬಾರ್‌ನಲ್ಲಿಯೂ ಹರಿವನ್ನು ನಿಮಿಷಕ್ಕೆ ಲೀಟರಿನಲ್ಲಿಯೂ ತೆಗೆದುಕೊಂಡು ಗುಣಿಸಿ 600ರಿಂದ ಭಾಗಿಸಿದರೆ ಪಂಪಿನ ಶಕ್ತಿ ಕಿಲೋವ್ಯಾಟ್‌ನಲ್ಲಿ ಸಿಗುತ್ತದೆ. ಉದಾಹರಣೆಗೆ 100 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 40 ಲೀಟರ್ ಎಣ್ಣೆ ಹರಿದರೆ 6.7 ಕಿಲೋವ್ಯಾಟ್, ಅಂದರೆ ಸುಮಾರು 9 ಅಶ್ವಶಕ್ತಿ. ಎಂಜಿನ್ನಿಗೆ ಇದು ಭಾರವೇನೂ ಅಲ್ಲ.

ಬ್ಯಾಟರಿಯ ಗೊಡವೆ ಇಲ್ಲದಿರುವುದರಿಂದಲೂ ಕಾವನ್ನು ಎಣ್ಣೆಯೇ ಹೊತ್ತು ಟ್ಯಾಂಕಿಗೆ ಒಯ್ಯುವುದರಿಂದಲೂ ಇದು ದಿನವಿಡೀ ದುಡಿಯಬಲ್ಲದು. ನಿಮಿಷಕ್ಕೆ 10 ಮೀಟರ್ ವೇಗದಲ್ಲಿ ಎಳೆದರೆ ಮೇಲೆ ಹೇಳಿದ 750 ಮೀಟರಿನ ಕೆಲಸ 75 ನಿಮಿಷಗಳಲ್ಲಿ ಮುಗಿಯುತ್ತದೆ. ಹೊರೆ ಮಿತಿ ಮೀರಿದರೆ ರಿಲೀಫ್ ವಾಲ್ವು ತೆರೆದುಕೊಂಡು ಎಣ್ಣೆ ಟ್ಯಾಂಕಿಗೆ ಹಿಂದಿರುಗುತ್ತದೆ. ಎಳೆತ ನಿಲ್ಲುತ್ತದೆ, ಮೋಟಾರು ಸುಡುವುದಿಲ್ಲ. ಹೆಚ್ಚು ಎಳೆಯಲೆಂದು ಈ ವಾಲ್ವನ್ನು ಬಿಗಿ ಮಾಡಿಸುವುದು ಅಪಾಯಕಾರಿ.

ಇದರ ಕೊರತೆಗಳನ್ನೂ ತಿಳಿದಿರಬೇಕು. ಪಂಪು, ಟ್ಯಾಂಕು, ಸೋಸುಕ, ವಾಲ್ವು, ಒತ್ತಡ ತಾಳುವ ಕೊಳವೆಗಳು ಎಲ್ಲವೂ ಸೇರಿ ಬೆಲೆ ಮತ್ತು ತೂಕ ಹೆಚ್ಚುತ್ತವೆ. ಕೂಡಿಸಲು ಅನುಭವಿ ಮೆಕ್ಯಾನಿಕ್ ಬೇಕು. ಎಂಜಿನ್ನು ನಿಂತರೆ ವಿಂಚೂ ನಿಲ್ಲುತ್ತದೆ. ಚಿಕ್ಕ ಪಿಕಪ್‌ಗಳಲ್ಲಿ ಪಿ.ಟಿ.ಒ. ಕೂಡಿಸಲು ಅನುಕೂಲ ಇಲ್ಲದಿರಬಹುದು. ಪವರ್ ಸ್ಟೀರಿಂಗಿನ ಪಂಪಿನಿಂದಲೇ ನಡೆಯುವ ವಿಂಚ್‌ಗಳೂ ಇವೆ. ಆ ಪಂಪಿನ ಹರಿವು ಕಡಿಮೆ, ಎಣ್ಣೆಯೂ ಸ್ವಲ್ಪವೇ ಇರುವುದರಿಂದ ಬೇಗ ಕಾಯುತ್ತದೆ. ಅದನ್ನು ದಿನವಿಡೀ ದಿಮ್ಮಿ ಎಳೆಯಲು ಬಳಸುವಂತಿಲ್ಲ.

ಟಿಪ್ಪರ್ ಲಾರಿ ಇರುವವರಿಗೆ ಒಂದು ಅನುಕೂಲವಿದೆ. ಅದರಲ್ಲಿ ಪಿ.ಟಿ.ಒ.ವೂ ಪಂಪೂ ಮೊದಲೇ ಇರುತ್ತವೆ. ಆದರೆ ಆ ವ್ಯವಸ್ಥೆ ಆಗಾಗ ತೊಟ್ಟಿಯನ್ನು ಎತ್ತುವುದಕ್ಕೆಂದು ಮಾಡಿದ್ದು. ಎಡೆಬಿಡದೆ ವಿಂಚ್ ನಡೆಸಿದರೆ ಎಣ್ಣೆ ಅತಿಯಾಗಿ ಕಾಯಬಹುದು. ಟ್ಯಾಂಕಿನ ಗಾತ್ರ ಸಾಕೇ, ಎಣ್ಣೆ ತಣಿಸುವ ಕೂಲರ್ ಬೇಕೇ ಎಂಬುದನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಡ್ರಮ್ಮಿನ ಪದರ ಮತ್ತು ರಾಟೆ

ವಿಂಚ್‌ನ ಮೇಲೆ ಬರೆದಿರುವ ಸಾಮರ್ಥ್ಯ ಡ್ರಮ್ಮಿನ ಮೊದಲನೆಯ ಪದರದ ಹಗ್ಗಕ್ಕೆ ಮಾತ್ರ ಅನ್ವಯಿಸುತ್ತದೆ. ಹಗ್ಗ ಪದರ ಪದರವಾಗಿ ಸುತ್ತಿದಂತೆ ಡ್ರಮ್ಮು ದಪ್ಪವಾಗುತ್ತದೆ, ಎಳೆತ ಇಳಿಯುತ್ತದೆ. ಡ್ರಮ್ಮಿನ ವ್ಯಾಸ 10 ಸೆಂ.ಮೀ., ಹಗ್ಗದ ದಪ್ಪ 10 ಮಿ.ಮೀ. ಇರುವ 4,000 ಕಿ.ಗ್ರಾಂ. ಸಾಮರ್ಥ್ಯದ ವಿಂಚ್‌ನಲ್ಲಿ ಎಳೆತ ಹೀಗಿರುತ್ತದೆ:

ಒಂದನೆಯ ಪದರ – 4,000 ಕಿ.ಗ್ರಾಂ.
ಎರಡನೆಯ ಪದರ – 3,380 ಕಿ.ಗ್ರಾಂ.
ಮೂರನೆಯ ಪದರ – 2,930 ಕಿ.ಗ್ರಾಂ.
ನಾಲ್ಕನೆಯ ಪದರ – 2,590 ಕಿ.ಗ್ರಾಂ.

ಇದು ಎರಡೂ ಬಗೆಯ ವಿಂಚ್‌ಗಳಿಗೆ ಸಮಾನ. ಹತ್ತಿರದ ಮರಕ್ಕೆ ಹಗ್ಗ ಕಟ್ಟಿ ಹೂತ ಪಿಕಪ್ಪನ್ನು ಎಳೆಯುವಾಗ ಡ್ರಮ್ಮಿನಲ್ಲಿ ನಾಲ್ಕು ಪದರ ಇದ್ದೇ ಇರುತ್ತದೆ. ಬೇಕಾದುದು 3,750, ಸಿಗುವುದು 2,590. "ನಾಲ್ಕು ಟನ್ ವಿಂಚ್ ಮೂರು ಟನ್ ಗಾಡಿ ಎಳೆಯಲಿಲ್ಲ" ಎಂಬ ದೂರಿಗೆ ಇದೇ ಕಾರಣ.

ಇದಕ್ಕೆ ಇನ್ನೂ ದೊಡ್ಡ ವಿಂಚ್ ಕೊಳ್ಳಬೇಕಾಗಿಲ್ಲ. ಮರಕ್ಕೆ ಒಂದು ರಾಟೆ ಕಟ್ಟಿ, ಅದರ ಮೂಲಕ ಹಗ್ಗವನ್ನು ಹಾಯಿಸಿ ತಂದು ಕೊಕ್ಕೆಯನ್ನು ವಾಹನದ ಚಾಸಿಗೇ ಹಾಕಿದರೆ ಎಳೆತ ಎರಡರಷ್ಟಾಗುತ್ತದೆ. ತಿಕ್ಕಾಟದ ನಷ್ಟ ಹತ್ತರಲ್ಲಿ ಒಂದು ಪಾಲು ಕಳೆದರೂ ನಾಲ್ಕನೆಯ ಪದರದಲ್ಲಿ ಸುಮಾರು 4,650 ಕಿ.ಗ್ರಾಂ. ಸಿಗುತ್ತದೆ. ವೇಗ ಅರ್ಧವಾಗುತ್ತದೆ, ಅಷ್ಟೆ. ಹಗ್ಗದ ಮೇಲೆ ಬೀಳುವ ಹೊರೆಯ ಎರಡರಷ್ಟನ್ನು ತಾಳುವ ರಾಟೆಯನ್ನೇ ಬಳಸಬೇಕು.

ಯಾರಿಗೆ ಯಾವುದು?

1. ವಾಹನ ಹೂತಾಗ ತೆಗೆಯುವುದಕ್ಕೆ, ದಾರಿಗೆ ಬಿದ್ದ ಮರವನ್ನು ಸರಿಸುವುದಕ್ಕೆ ಮಾತ್ರ ಬೇಕಾದವರು ವಿದ್ಯುತ್ ವಿಂಚ್ ಮತ್ತು ಒಂದು ಒಳ್ಳೆಯ ರಾಟೆ ಕೊಂಡರೆ ಸಾಕು.

2. ಪ್ರತಿ ವರ್ಷ ವಾರಗಟ್ಟಲೆ ದಿಮ್ಮಿ ಎಳೆಯುವವರಿಗೆ, ಬಾಡಿಗೆಗೆ ಈ ಕೆಲಸ ಮಾಡುವವರಿಗೆ, ಪಿ.ಟಿ.ಒ. ಇರುವ ಲಾರಿಯುಳ್ಳವರಿಗೆ ಹೈಡ್ರಾಲಿಕ್ ವಿಂಚ್ ಲಾಭದಾಯಕ.

3. ಟ್ರ್ಯಾಕ್ಟರ್ ಇರುವವರು ಲಾರಿಗೆ ವಿಂಚ್ ಕೂಡಿಸುವ ಮೊದಲು ಟ್ರ್ಯಾಕ್ಟರಿನ ಪಿ.ಟಿ.ಒ.ದಿಂದ ನಡೆಯುವ ವಿಂಚ್ ಬಗ್ಗೆ ವಿಚಾರಿಸಬೇಕು. ಇರುವ ಶಕ್ತಿಯನ್ನೇ ಬಳಸಿಕೊಂಡಂತಾಗುತ್ತದೆ.

4. ವರ್ಷಕ್ಕೆ ಹತ್ತಿಪ್ಪತ್ತು ಮರ ಕಡಿಯುವ ಸಣ್ಣ ಬೆಳೆಗಾರರಿಗೆ ಎರಡೂ ಬೇಡ. ಲಿವರ್ ಆಡಿಸಿ ಎಳೆಯುವ ಕೈಯಂತ್ರ ಅಥವಾ ಬಾಡಿಗೆಯ ವಿಂಚ್ ಸಾಕು.

ಕೊಳ್ಳುವಾಗ ಸಾಮರ್ಥ್ಯ ಪೌಂಡಿನಲ್ಲಿದ್ದರೆ 2.2ರಿಂದ ಭಾಗಿಸಬೇಕು. 9,500 ಪೌಂಡ್ ಎಂದರೆ ಸುಮಾರು 4,300 ಕಿ.ಗ್ರಾಂ. ಪ್ರತಿ ಪದರದ ಎಳೆತವೆಷ್ಟು, ಪೂರ್ಣ ಹೊರೆಯಲ್ಲಿ ಎಷ್ಟು ಆಂಪಿಯರ್ ಅಥವಾ ಎಷ್ಟು ಲೀಟರ್ ಎಣ್ಣೆ ಬೇಕು, ಒಂದೇ ಸಮನೆ ಎಷ್ಟು ನಿಮಿಷ ನಡೆಸಬಹುದು ಎಂಬ ವಿವರಗಳನ್ನು ಬರಹದಲ್ಲಿ ಪಡೆಯಬೇಕು.

ನೆಲಕ್ಕೂ ಗಿಡಕ್ಕೂ ಆಗುವ ಪರಿಣಾಮ

ವಿಂಚ್ ಬಳಸಿದರೆ ವಾಹನ ದಾರಿಯಲ್ಲಿಯೇ ನಿಲ್ಲುತ್ತದೆ, ಹಗ್ಗ ಮಾತ್ರ ತೋಟದೊಳಗೆ ಹೋಗುತ್ತದೆ. ಕಾಫಿ ಗಿಡದ ಆಹಾರ ಹೀರುವ ಬೇರುಗಳು ಬಹುಪಾಲು ಮೇಲಿನ ಒಂದು ಅಡಿ ಮಣ್ಣಿನಲ್ಲಿರುವುದರಿಂದ ಗಾಲಿಗಳ ತುಳಿತ ತಪ್ಪುವುದು ದೊಡ್ಡ ಲಾಭ. ಆದರೆ ದಿಮ್ಮಿ ನೆಲವನ್ನು ಉತ್ತಂತೆ ಬಂದರೆ ಆ ಸಾಲೇ ಮಳೆಗಾಲದಲ್ಲಿ ಕೊರಕಲಾಗಿ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ದಿಮ್ಮಿಯ ಮುಂತುದಿಯನ್ನು ಕೊಡಲಿಯಿಂದ ಗುಂಡಗೆ ಕೆತ್ತಿದರೆ ಅದು ನೆಲಕ್ಕೆ ನಾಟುವುದಿಲ್ಲ. ಎಲ್ಲ ದಿಮ್ಮಿಗಳನ್ನೂ ಒಂದೇ ಜಾಡಿನಲ್ಲಿ ಎಳೆದು, ಕೆಲಸ ಮುಗಿದ ಕೂಡಲೇ ಆ ಜಾಡಿಗೆ ಅಡ್ಡಲಾಗಿ ರೆಂಬೆ ಸೊಪ್ಪು ಹಾಸಿ ನೀರಿನ ಓಟ ತಡೆಯಬೇಕು. ಹಣ್ಣಿನ ಕೊಯ್ಲು ಮುಗಿದು ಹೂಮಳೆ ಬೀಳುವ ಮೊದಲಿನ ಒಣ ದಿನಗಳು ಈ ಕೆಲಸಕ್ಕೆ ಪ್ರಶಸ್ತ.

ಜೀವರಕ್ಷಣೆಯ ನಿಯಮಗಳು

ಹತ್ತು ಮಿ.ಮೀ. ಉಕ್ಕಿನ ಹಗ್ಗ ಹೊಸದಿದ್ದಾಗ ಸುಮಾರು 6 ಟನ್ ಹೊರೆಗೆ ಹರಿಯುತ್ತದೆ. ದಿಮ್ಮಿಯ 425 ಕಿ.ಗ್ರಾಂ. ಎಳೆತಕ್ಕೆ ಇದು ಹದಿನಾಲ್ಕು ಪಟ್ಟು ಭದ್ರ. ಆದರೆ ರಾಟೆಯಿಲ್ಲದೆ 3,750 ಕಿ.ಗ್ರಾಂ. ಎಳೆದರೆ ಭದ್ರತೆ ಎರಡು ಪಟ್ಟೂ ಇರುವುದಿಲ್ಲ. ಹಗ್ಗದ ಎಳೆಗಳು ಮುರಿದಿದ್ದರೆ ಅದೂ ಇಲ್ಲ. ಬಿಗಿದ ಹಗ್ಗ ಹರಿದರೆ ಚಾಟಿಯಂತೆ ಹಿಂದಕ್ಕೆ ಬೀಸಿ ಎದುರಿಗಿದ್ದವರ ಕೈಕಾಲು ಮುರಿಯಬಹುದು, ಪ್ರಾಣವನ್ನೇ ತೆಗೆಯಬಹುದು. ಆದುದರಿಂದ ಈ ಕೆಳಗಿನ ನಿಯಮಗಳನ್ನು ತಪ್ಪದೆ ಪಾಲಿಸಬೇಕು.

1. ಎಳೆಯುವಾಗ ಬಿಗಿದ ಹಗ್ಗದ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ಎಲ್ಲರೂ ನಿಲ್ಲಬೇಕು. ಹಗ್ಗವನ್ನು ಯಾರೂ ದಾಟಬಾರದು. ರಾಟೆ ಬಳಸಿದಾಗ ಹಗ್ಗದ ಎರಡು ಎಳೆಗಳ ನಡುವೆ ನಿಲ್ಲಬಾರದು.

2. ಹಗ್ಗದ ನಡುವೆ ಒದ್ದೆ ಗೋಣಿಚೀಲಗಳನ್ನು ಹೊದಿಸಿದರೆ ಹರಿದಾಗ ಬೀಸುವ ರಭಸ ಕಡಿಮೆಯಾಗುತ್ತದೆ.

3. ಡ್ರಮ್ಮಿನಲ್ಲಿ ಕನಿಷ್ಠ ಐದು ಸುತ್ತು ಹಗ್ಗ ಉಳಿದಿರಬೇಕು. ಹಗ್ಗವನ್ನು ಚರ್ಮದ ಕೈಗವಸು ಹಾಕಿಯೇ ಮುಟ್ಟಬೇಕು. ಡ್ರಮ್ಮು ತಿರುಗುವಾಗ ಕೈಯಿಂದ ಹಗ್ಗವನ್ನು ಸರಿಪಡಿಸಬಾರದು.

4. ಹಸಿ ಮರಕ್ಕೆ ಕಟ್ಟುವಾಗ ಅಗಲವಾದ ಪಟ್ಟಿಯನ್ನು ಬುಡದ ಹತ್ತಿರ ಬಳಸಬೇಕು. ಸರಪಳಿ ಅಥವಾ ಹಗ್ಗವನ್ನೇ ಸುತ್ತಿದರೆ ತೊಗಟೆ ಕತ್ತರಿಸಿ ನೆರಳಿನ ಮರವೇ ಸಾಯಬಹುದು.

5. ದಿಮ್ಮಿ ಎಳೆಯುವ ವಾಹನದ ಗಾಲಿಗಳಿಗೆ ಅಡ್ಡಗಟ್ಟೆ ಕೊಡಬೇಕು. ವಿಂಚನ್ನು ಬಂಪರಿಗಲ್ಲ, ಚಾಸಿಗೇ ಕೂಡಿಸಬೇಕು.

6. ಇಳಿಜಾರಿನಲ್ಲಿ ಹೊರೆಯನ್ನು ಕೆಳಕ್ಕೆ ಬಿಡುವಾಗ ಅನೇಕ ವಿದ್ಯುತ್ ವಿಂಚ್‌ಗಳಲ್ಲಿ ಡ್ರಮ್ಮಿನೊಳಗಿನ ಬ್ರೇಕು ಬಹಳ ಕಾಯುತ್ತದೆ. ಸ್ವಲ್ಪ ಸ್ವಲ್ಪವೇ ಬಿಡಬೇಕು. ಮನುಷ್ಯರನ್ನು ಎತ್ತಲು ಯಾವ ವಾಹನದ ವಿಂಚನ್ನೂ ಬಳಸಬಾರದು.

7. ಹೈಡ್ರಾಲಿಕ್ ಕೊಳವೆಯ ಸೋರಿಕೆಯನ್ನು ಕೈಯಿಂದ ತಡಕಿ ನೋಡಬಾರದು. ಸೂಜಿಯಷ್ಟು ಸಣ್ಣ ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಸೀಳಿ ಒಳಹೋಗುತ್ತದೆ. ಹಾಗಾದಲ್ಲಿ ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನಿರ್ವಹಣೆ ಮತ್ತು ಕಾನೂನು

ಮಲೆನಾಡಿನ ತೇವದಲ್ಲಿ ವಿದ್ಯುತ್ ವಿಂಚ್‌ನ ಸ್ವಿಚ್ಚು, ಕೇಬಲ್ಲಿನ ತುದಿಗಳು ಕಿಲುಬು ಹಿಡಿಯುತ್ತವೆ. ಬಳಸದಿದ್ದರೂ ತಿಂಗಳಿಗೊಮ್ಮೆ ಹಗ್ಗವನ್ನು ಪೂರ್ತಿ ಬಿಚ್ಚಿ, ಒರೆಸಿ, ಹರಕು ಎಳೆಗಳಿವೆಯೇ ಎಂದು ನೋಡಿ, ಸಾಲಾಗಿ ಸುತ್ತಬೇಕು. ಹೈಡ್ರಾಲಿಕ್ ವಿಂಚ್‌ನಲ್ಲಿ ಎಣ್ಣೆಯ ಮಟ್ಟ, ಸೋಸುಕ ಮತ್ತು ಕೊಳವೆಯ ಬಿರುಕುಗಳನ್ನು ಗಮನಿಸಬೇಕು.

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ವಾಹನದ ಮುಂದೆ ಕೂಡಿಸುವ ಕ್ರ್ಯಾಶ್ ಗಾರ್ಡುಗಳು ಈ ಕಲಮಿನ ಉಲ್ಲಂಘನೆಯೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ತಿಳಿಸಿತು. ಆದುದರಿಂದ ವಿಂಚ್‌ಗಾಗಿ ಬಂಪರ್ ಬದಲಾಯಿಸುವ ಮೊದಲು ಪ್ರಾದೇಶಿಕ ಸಾರಿಗೆ ಅಧಿಕಾರಿಗಳನ್ನೂ ವಿಮಾ ಕಂಪನಿಯನ್ನೂ ವಿಚಾರಿಸುವುದು ಅಗತ್ಯ.

ಒಟ್ಟಿನಲ್ಲಿ, ವಿಂಚ್ ಕೊಳ್ಳುವ ಮೊದಲು ಬೆಳೆಗಾರರು ತಮ್ಮ ತೋಟದ ಒಂದು ವರ್ಷದ ಎಳೆತದ ಕೆಲಸವನ್ನು ಕಾಗದದ ಮೇಲೆ ಬರೆಯಬೇಕು. ಎಷ್ಟು ದಿಮ್ಮಿ, ಎಷ್ಟು ದೂರ, ಎಷ್ಟು ದಿನ, ವಾಹನ ಎಷ್ಟು ಸಲ ಹೂಳುತ್ತದೆ ಎಂಬ ನಾಲ್ಕು ಅಂಕಿಗಳು ಸಾಕು. ದಿನದ ಎಳೆತ ನಿಮಿಷಗಳಲ್ಲಿ ಮುಗಿಯುವುದಾದರೆ ವಿದ್ಯುತ್ತಿನ ವಿಂಚ್ ಸಾಕು, ಗಂಟೆಗಳಲ್ಲಿ ಎಣಿಸುವಂತಿದ್ದರೆ ಹೈಡ್ರಾಲಿಕ್ ಬೇಕು. ಯಾವುದನ್ನು ಕೊಂಡರೂ ಜೊತೆಗೆ ರಾಟೆ, ಅಗಲ ಪಟ್ಟಿ ಮತ್ತು ಕೈಗವಸುಗಳನ್ನು ಅದೇ ದಿನ ಕೊಳ್ಳತಕ್ಕದ್ದು.